ಬಾಗಿಲು ತೆಗೆಯುವವನು

ಮಗಳ ಶಾಲೆಯ ಗೋಡೆಯ ಮೇಲೆ ಆ ಚಿತ್ರ ನೋಡಿದ ದಿನ ಲುಬೋರ್ ಹಾನಾಕ್‌ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. 'ನಮ್ಮ ಅಪ್ಪನ ಕೆಲಸ' ಎಂದು ಎರಡನೇ ತರಗತಿಯ ಮಕ್ಕಳು ಬಿಡಿಸಿದ್ದನ್ನೆಲ್ಲ ಸಾಲಾಗಿ ಅಂಟಿಸಿದ್ದರು. ಒಬ್ಬನ ಅಪ್ಪ ಬಸ್ಸು ಓಡಿಸುತ್ತಿದ್ದ, ಇನ್ನೊಬ್ಬಳ ಅಪ್ಪ ಹಂದಿಮಾಂಸ ಕಡಿಯುತ್ತಿದ್ದ. ಅಡೆಲಾ ಬಿಡಿಸಿದ ಅಪ್ಪ ಮಾತ್ರ ಐಸ್ ಹಾಕಿ ಅಂಗಣದ ಅಂಚಿನಲ್ಲಿ, ಬೆಂಚಿನ ಮುಂದಿನ ಗಿಡ್ಡ ಬಾಗಿಲನ್ನು ಹಿಡಿದುಕೊಂಡು ನಿಂತಿದ್ದ. ಉಳಿದವರು ಆ ಬಾಗಿಲಿನಿಂದ ಆಡುವುದಕ್ಕೆ ಹೋಗುತ್ತಿದ್ದರು.

"ನಮ್ಮಪ್ಪ ಎಲ್ಲರಿಗಿಂತ ಬೇಗ ಬಾಗಿಲು ತೆಗೀತಾರೆ ಅಂತ ಟೀಚರ್‌ಗೆ ಹೇಳ್ದೆ," ಎಂದಳು ಅಡೆಲಾ. ಅವಳ ಮುಖದಲ್ಲಿ ನಿಜವಾದ ಹೆಮ್ಮೆಯಿತ್ತು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಅವಳು ಬಿಡಿಸಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಯಾವೊರ್ನಾ ತಂಡದಲ್ಲಿ ಲುಬೋರ್ ಎರಡನೇ ಗೋಲ್‌ಕೀಪರ್. ಮೊದಲನೆಯವನು ಬಿದ್ದರೆ ಎದ್ದು ಹೋಗಲು ಸಿದ್ಧನಾಗಿರಬೇಕು, ಅಷ್ಟೇ. ಪ್ರತಿ ಪಂದ್ಯಕ್ಕೂ ಕಾಲಿಗೆ ದಿಂಬಿನಂಥ ದಪ್ಪ ಪ್ಯಾಡು, ಎದೆಗೆ ಕವಚ ಕಟ್ಟಿ, ಮದುಮಗನ ಹಾಗೆ ಸಿಂಗರಿಸಿಕೊಂಡು ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಬಾಗಿಲು ತೆಗೆಯುವುದು, ಮುಚ್ಚುವುದು, ಆಗಾಗ ನೀರು ಕುಡಿಯುವುದು. ವಯಸ್ಸು ಮೂವತ್ತನಾಲ್ಕು ಆಗಿತ್ತು. ಈ ವರ್ಷ ಒಂದು ನಿಮಿಷವೂ ಅವನನ್ನು ಅಂಗಣಕ್ಕೆ ಇಳಿಸಿರಲಿಲ್ಲ. ಬರುವ ವರ್ಷ ಅವನ ಜಾಗಕ್ಕೆ ಇನ್ಯಾರೋ ಬರುತ್ತಾರೆಂಬ ಮಾತು ಊರಿನ ಬಿಯರ್ ಅಂಗಡಿಗಳಲ್ಲೆಲ್ಲ ಹಬ್ಬಿತ್ತು.

ಮೊದಲನೆಯವನು ಓಲ್ದಾ ಸೆಮೆರಾದ್. ಇಪ್ಪತ್ತೆಂಟರ ಹುಡುಗ, ಉದ್ದ ಕೈಕಾಲು, ಯಾರ ಮನಸ್ಸನ್ನೂ ನೋಯಿಸದವನು. ಅವನನ್ನು ದ್ವೇಷಿಸುವುದಕ್ಕೆ ಲುಬೋರ್ ಬಹಳ ಶ್ರಮಪಡಬೇಕಾಯಿತು.

ಆ ಋತು ಶುರುವಾದದ್ದು ಕನಸಿನ ಹಾಗೆ. ಮೊದಲ ಹತ್ತು ಪಂದ್ಯಗಳಲ್ಲಿ ಒಂಬತ್ತು ಗೆಲುವು. ಬೇಕರಿಯವಳೂ ಕಿಟಕಿಗೆ ತಂಡದ ಬಾವುಟ ಕಟ್ಟಿದಳು. ನವೆಂಬರ್ ಬಂದದ್ದೇ ತಡ, ಸಾಲಾಗಿ ಎಂಟು ಸೋಲು. ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬರನ್ನೊಬ್ಬರು ಕಳ್ಳನನ್ನು ನೋಡುವ ಹಾಗೆ ನೋಡತೊಡಗಿದರು. ದುರದೃಷ್ಟ ಯಾರ ಬೆನ್ನೇರಿ ಒಳಗೆ ಬಂದಿದೆ ಎಂಬುದೇ ಎಲ್ಲರ ತಲೆಬಿಸಿ. ಇಬ್ಬರು ತಮ್ಮ ಕೋಲುಗಳನ್ನು ಅದಲುಬದಲು ಮಾಡಿಕೊಂಡರು. ಕ್ಯಾಪ್ಟನ್ ಕುಬಾತ್ ಗಡ್ಡ ಬೋಳಿಸಿದ, ಸೋತ. ಮತ್ತೆ ಬಿಟ್ಟ, ಮತ್ತೂ ಸೋತ. ಬಸ್ಸಿನ ಡ್ರೈವರ್ ಹೆದ್ದಾರಿ ಬಿಟ್ಟು ಸಕ್ಕರೆ ಕಾರ್ಖಾನೆಯ ಹಳೆಯ ರಸ್ತೆ ಹಿಡಿದ.

ಲುಬೋರ್ ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಸೋಲುವ ತಂಡ ಮೊದಲು ಬದಲಿಸುವುದು ಗೋಲ್‌ಕೀಪರನನ್ನು. ಅವನಿಗೆ ಕಾಯುವುದು ಗೊತ್ತಿತ್ತು.

ಎಂಟನೆಯ ಸೋಲು ಓಸ್ತ್ರವಾ ನಗರದಲ್ಲಿ; ಅರ್ಧ ಆಟ ಮುಗಿಯುವಷ್ಟರಲ್ಲಿ ಆರು ಗೋಲು ಬಿದ್ದವು. ಕೋಚ್ ಹ್ಲಾವಾಟಿ ಬೆಂಚಿನ ತುದಿಯತ್ತ ತಿರುಗಿದರು. ಲುಬೋರ್ ಹೆಲ್ಮೆಟ್ ಹಾಕಿ ಎದ್ದೇ ನಿಂತ. ಕೋಚ್ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಕೂತ್ಕೋಪ್ಪಾ, ಬಾಗಿಲಿಗೆ ಅಡ್ಡ ಆಗ್ತಿದ್ದೀಯ," ಎಂದರು.

ಪಕ್ಕದಲ್ಲಿದ್ದ ಇಬ್ಬರು ಕೆಮ್ಮಿದ ಹಾಗೆ ನಕ್ಕರು. ಲುಬೋರ್ ಹೆಲ್ಮೆಟ್ ತೆಗೆದು ಕೂತ. ಓಲ್ದಾ ಇನ್ನೂ ಮೂರು ಗೋಲು ಬಿಟ್ಟುಕೊಟ್ಟ. ಆದರೂ ಬಸ್ಸಿನಲ್ಲಿ ಕೋಚ್ ಅವನ ಹೆಗಲ ಮೇಲೆ ಕೈಹಾಕಿ ಕೂತಿದ್ದರು. ಮುಂದಿನ ಪಂದ್ಯದಿಂದಲೇ ಯಾವೊರ್ನಾ ಗೆಲ್ಲತೊಡಗಿತು. ಜನವರಿ ಮುಗಿಯುವಷ್ಟರಲ್ಲಿ ತಂಡ ಮತ್ತೆ ಮೇಲಿನ ಆರರೊಳಗೆ ಬಂತು. ಓಲ್ದಾನ ಚಿತ್ರ ಪತ್ರಿಕೆಯಲ್ಲಿ ಬಂತು. ತಂಡ ಸೋತಾಗಲೂ ತನಗೆ ಜಾಗವಿಲ್ಲ, ಗೆದ್ದಾಗಲಂತೂ ಕೇಳುವಂತೆಯೇ ಇಲ್ಲ ಎಂಬುದು ಲುಬೋರ್‌ಗೆ ಆಗ ಮನವರಿಕೆಯಾಯಿತು. ಜಾಗವನ್ನು ತಾನೇ ಮಾಡಿಕೊಳ್ಳಬೇಕು.

ಕೈಕಾಲು ಮುರಿಯುವ ಯೋಚನೆಯನ್ನು ಅವನು ಮೊದಲೇ ತಳ್ಳಿಹಾಕಿದ. ತಾನೇನು ರೌಡಿಯೇ? ಓಲ್ದಾ ಬದುಕಿರಲಿ, ಆರೋಗ್ಯವಾಗಿರಲಿ, ಅಂಗಣದಲ್ಲಿ ಮಾತ್ರ ಇರಬಾರದು. ಅದಕ್ಕೆ ಒಂದು ಮಾತ್ರೆ ಸಾಕಿತ್ತು. ನಾದಿನಿ ಎಂದೋ ಪೋಲೆಂಡಿನ ಗಡಿಯ ಸಂತೆಯಲ್ಲಿ ತೂಕ ಇಳಿಸಲು ಕೊಂಡು, ಲುಬೋರ್‌ನ ಕಾಡಂಚಿನ ಬೇಸಿಗೆ ಮನೆಯ ಕಪಾಟಿನಲ್ಲಿ ಮರೆತಿದ್ದ ಡಬ್ಬಿ ಅದು. ನುಂಗಿದವರಿಗೆ ಒಂದಿಷ್ಟು ಹುರುಪು ಬರುತ್ತದೆ, ಹಸಿವು ಇಂಗುತ್ತದೆ. ಆಟಗಾರರಿಗೆ ಅದು ನಿಷಿದ್ಧ. ಮೂತ್ರದಲ್ಲಿ ಅದರ ಸುಳಿವು ಸಿಕ್ಕರೆ ಎರಡು ವರ್ಷ ಮನೆಯಲ್ಲಿ ಕೂರಬೇಕು. ಡಬ್ಬಿಯ ವಿಷಯ ನಾದಿನಿಗೇ ನೆನಪಿರಲಿಲ್ಲ.

ಕುಡಿಸುವುದಂತೂ ಇನ್ನೂ ಸುಲಭ. ಎರಡನೇ ಗೋಲ್‌ಕೀಪರನ ಪಾಲಿಗೆ ಬರುವ ಚಾಕರಿಗಳಲ್ಲಿ ಒಂದು ಇಬ್ಬರ ನೀರಿನ ಬಾಟಲಿ ತುಂಬಿಸುವುದು. ಎರಡೂ ಒಂದೇ ಥರದ ಬಾಟಲಿ; ಮುಚ್ಚಳದ ಮೇಲೆ ಮಾತ್ರ ಸಂಖ್ಯೆ. ಓಲ್ದಾನದು ಮೂವತ್ತು, ಲುಬೋರ್‌ನದು ಎರಡು. ಮಾತ್ರೆಯನ್ನು ಮನೆಯಲ್ಲೇ ಪುಡಿ ಮಾಡಿ ಕಾಗದದಲ್ಲಿ ಮಡಚಿ ತರುತ್ತಿದ್ದ. ತೊಳೆಯುವ ತೊಟ್ಟಿಯ ಮುಂದೆ ಎಲ್ಲರಿಗೂ ಬೆನ್ನುಹಾಕಿ ಮೂವತ್ತರ ಮುಚ್ಚಳ ತೆಗೆದು, ಪುಡಿ ಸುರಿದು, ಮೇಲೆ ಎಂದಿನಂತೆ ಎರಡಕ್ಕೂ ಕರಿದ್ರಾಕ್ಷಿಯ ಸಿಹಿ ಪಾನಕ ಹೊಯ್ದರೆ ಕಹಿ ಗೊತ್ತೇ ಆಗುತ್ತಿರಲಿಲ್ಲ. ಮುಚ್ಚಳ ತಿರುಗಿಸಿ, ಎರಡನ್ನೂ ಓಲ್ದಾ ಕೂರುವ ಮೂಲೆಯ ಹಲಗೆಯ ಮೇಲಿಟ್ಟು ತನ್ನ ಪ್ಯಾಡು ಕಟ್ಟಲು ಹೋಗುತ್ತಿದ್ದ. ಹೊರಡುವಾಗ ಓಲ್ದಾ ತನ್ನದನ್ನು ಒಯ್ದು ಗೋಲಿನ ಬಲೆಯ ಮೇಲಿಡುತ್ತಿದ್ದ, ಲುಬೋರ್ ತನ್ನದನ್ನು ಬೆಂಚಿಗೆ ಒಯ್ಯುತ್ತಿದ್ದ. ಪಂದ್ಯ ಮುಗಿದ ಮೇಲೆ ಎರಡನ್ನೂ ಬಿಸಿನೀರಿನಲ್ಲಿ ತೊಳೆಯುವವನೂ ಲುಬೋರನೇ.

ಆ ಮೂಲೆಯ ಕಡೆಗೆ ಯಾರೂ ಕಣ್ಣೆತ್ತುತ್ತಿರಲಿಲ್ಲ. ಪಂದ್ಯಕ್ಕೆ ಮುಂಚಿನ ಅರ್ಧ ಗಂಟೆ ಗೋಲ್‌ಕೀಪರನನ್ನು ಮಾತಾಡಿಸಬಾರದು, ನೋಡಲೂಬಾರದು. ಅದು ತಂಡದ ಕಟ್ಟುನಿಟ್ಟು. ಸ್ವತಃ ಗೋಲ್‌ಕೀಪರನಾದ ಲುಬೋರ್ ಇದನ್ನು ಎಲ್ಲರಿಗಿಂತ ನಿಷ್ಠೆಯಿಂದ ಪಾಲಿಸುತ್ತಿದ್ದ. ವಿಷ ಹಾಕುವವನೂ ಮರ್ಯಾದೆ ಬಿಡಬಾರದು ಎಂದುಕೊಂಡು ಒಳಗೊಳಗೇ ನಕ್ಕ.

ಉದ್ದೀಪನ ಮದ್ದಿನ ತಪಾಸಣೆಯವರಿಗೆ ಹೆಸರಿಲ್ಲದ ಪತ್ರ ಬರೆಯಲು ಬ್ರನೋ ನಗರದವರೆಗೆ ಹೋದ. ಗ್ರಂಥಾಲಯದ ಕಂಪ್ಯೂಟರಿನಲ್ಲಿ, ಎದುರಾಳಿ ತಂಡದ ಸಿಟ್ಟಿನ ಅಭಿಮಾನಿಯ ಹಾಗೆ ತಪ್ಪುತಪ್ಪಾಗಿ ಬರೆದ: ಯಾವೊರ್ನಾದ ಗೋಲ್‌ಕೀಪರ್ ಜನವರಿಯಿಂದ ಇದ್ದಕ್ಕಿದ್ದಂತೆ ಗೋಡೆಯಾಗಿದ್ದಾನಲ್ಲ, ಅವನ ರಕ್ತದಲ್ಲಿ ಏನಿದೆ ಎಂದು ಒಮ್ಮೆ ನೋಡಬಾರದೇ? ಕೈಗವಸು ಹಾಕಿಕೊಂಡೇ ಅಂಚೆಗೆ ಹಾಕಿದ. ಚಳಿಗಾಲವಾದ್ದರಿಂದ ಕೈಗವಸು ಯಾರ ಕಣ್ಣಿಗೂ ಕುಕ್ಕಲಿಲ್ಲ. ಇನ್ನು ತಪಾಸಣೆಯವರು ಬರುವವರೆಗೆ ಪ್ರತಿ ಪಂದ್ಯಕ್ಕೂ ಪುಡಿ ಹಾಕುತ್ತಿದ್ದರೆ ಸಾಕು.

ಫೆಬ್ರವರಿಯ ಆ ಆರು ಪಂದ್ಯಗಳಲ್ಲಿ ತಂಡ ಮತ್ತೆ ಉಯ್ಯಾಲೆಯಾಡಿತು. ಎರಡು ಗೆಲುವು, ಒಂದು ಸೋಲು, ಮತ್ತೆರಡು ಗೆಲುವು, ಒಂದು ಸೋಲು. ಲುಬೋರ್ ಕಣ್ಣು ಮಿಟುಕಿಸದೆ ಓಲ್ದಾನನ್ನು ಗಮನಿಸುತ್ತಿದ್ದ. ಅಚ್ಚರಿಯೆಂದರೆ ಆ ಮನುಷ್ಯನಲ್ಲಿ ಏನೂ ಬದಲಾಗಲಿಲ್ಲ. ಬಸ್ಸು ಹತ್ತಿದ ಕೂಡಲೇ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ, ತಟ್ಟೆ ತುಂಬ ಕಡುಬು ತಿನ್ನುತ್ತಿದ್ದ. ಎಂಥ ಕಲ್ಲಿನ ಮೈ ಇವನದು ಎಂದು ಲುಬೋರ್‌ಗೆ ಹೊಟ್ಟೆಕಿಚ್ಚಾಯಿತು.

ನಿದ್ದೆ ಕೆಟ್ಟದ್ದು ಇವನದು. ಪಂದ್ಯದ ದಿನ ಬೆಂಚಿನ ಮೇಲೆ ಕೂತರೆ ಎದೆ ಡವಡವ ಎನ್ನುತ್ತಿತ್ತು, ಬಾಯಿ ಒಣಗುತ್ತಿತ್ತು. ಮತ್ತೆ ಮತ್ತೆ ಬಾಟಲಿ ಎತ್ತಿ ಕುಡಿಯುತ್ತಿದ್ದ. ಅನ್ನಾಹಾರ ಬೇಡವಾಯಿತು. ಅಪರಾಧ ಮಾಡಿದವರಿಗೆ ಹೀಗೆಲ್ಲ ಆಗುತ್ತದೆಂದು ಕೇಳಿದ್ದ. ತನಗೂ ಒಂದು ಮನಸ್ಸಾಕ್ಷಿ ಇದೆಯಲ್ಲ ಎಂದು ಒಂದು ಬಗೆಯ ಸಮಾಧಾನವೂ ಆಯಿತು.

"ಪ್ಯಾಂಟು ಜಾರ್ತಿದೆ ನೋಡು ನಿಂದು," ಎಂದಳು ಹೆಂಡತಿ ರೆನಾತಾ, ಬೆಲ್ಟಿಗೆ ಇನ್ನೊಂದು ತೂತು ಕೊರೆಯುತ್ತ. "ಏನಾಗಿದೆ ನಿಂಗೆ? ಯಾರನ್ನಾದ್ರೂ ಇಟ್ಕೊಂಡಿದ್ದೀಯಾ?"

"ಬೆಂಚನ್ನ ಇಟ್ಕೊಂಡಿದ್ದೀನಿ. ಹನ್ನೊಂದು ವರ್ಷದಿಂದ."

"ಅದಕ್ಕೇ ಹೇಳ್ದೆ, ಬಿಟ್ಬಿಡು ಅಂತ. ನಮ್ಮಣ್ಣ ಗ್ಯಾರೇಜಲ್ಲಿ ಜಾಗ ಕೊಡ್ತಾನೆ."

"ಒಂದ್ಸಲ ಬಲೆ ಮುಂದೆ ನಿಂತು ಆಮೇಲೆ ಬಿಡ್ತೀನಿ ರೆನಾತಾ. ಅಡೆಲಾ ನೋಡ್ಬೇಕು. ಒಂದೇ ಒಂದ್ಸಲ."

ಅವಳು ಮೊಳೆ, ಸುತ್ತಿಗೆ ಕೆಳಗಿಟ್ಟು ಬೆಲ್ಟನ್ನು ಅವನ ಕೈಗೆ ಕೊಟ್ಟಳು. ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಲೀಗಿನ ಕೊನೆಯ ಪಂದ್ಯ ಮುಗಿದ ಕೂಡಲೇ ತಪಾಸಣೆಯವರಿಬ್ಬರು ಬಂದೇಬಿಟ್ಟರು. ಪತ್ರದ ಸುದ್ದಿ ಎತ್ತದೆ, ಇಬ್ಬರು ಗೋಲ್‌ಕೀಪರರೂ ಬರಲಿ ಎಂದರು. ಅನುಮಾನ ಯಾರ ಮೇಲೆಂದು ತೋರಗೊಡದಿರುವ ಉಪಾಯ ಅದು. ಲುಬೋರ್‌ಗೆ ಅರ್ಥವಾಯಿತು, ಮೆಚ್ಚುಗೆಯೂ ಆಯಿತು. ತನ್ನ ಮಾದರಿ ಸ್ವಚ್ಛವಾಗಿದ್ದಷ್ಟೂ ಓಲ್ದಾನ ಮಾದರಿಯ ಕೊಳೆ ಎದ್ದು ಕಾಣುತ್ತದೆ.

"ನಂದು ಯಾಕ್ ಸಾರ್? ನಾನು ಬಾಗಿಲು ತೆಗೆಯೋನು," ಎಂದ, ಲೋಟ ಹಿಡಿದು. "ಕೀಲಿಗೆ ಎಣ್ಣೆ ಹಾಕಿದ್ದೀನಾ ಅಂತ ನೋಡ್ತೀರಾ?"

ತಪಾಸಕ ನಗಲಿಲ್ಲ. ಓಲ್ದಾ ಬಿದ್ದುಬಿದ್ದು ನಕ್ಕ.

ಕ್ವಾರ್ಟರ್‌ಫೈನಲ್ ಏಳು ಪಂದ್ಯಗಳ ಸರಣಿ. ಯಾವೊರ್ನಾ ಒಂದು ಗೆದ್ದರೆ ಒಂದು ಸೋಲುತ್ತ ಮೂರು-ಮೂರಕ್ಕೆ ಬಂದು ನಿಂತಿತು. ಏಳನೆಯದು ಗುರುವಾರ, ಊರಿನಲ್ಲೇ. ಈಗ ಪುಡಿಯ ಅಗತ್ಯವಿರಲಿಲ್ಲ; ಉಳಿದ ಮಾತ್ರೆಗಳನ್ನು ಡಬ್ಬಿಯ ಸಮೇತ ಬೇಸಿಗೆ ಮನೆಯ ಒಲೆಗೆ ಹಾಕಿ ಸುಟ್ಟಿದ್ದ. ಎದೆಬಡಿತವೂ ತಗ್ಗಿತು, ನಿದ್ದೆಯೂ ಮರಳಿತು. ಮನಸ್ಸಾಕ್ಷಿ ಎಂಬುದು ಎರಡು ವಾರದಲ್ಲಿ ಗುಣವಾಗುವ ಕಾಯಿಲೆ ಎಂದುಕೊಂಡ. ಫಲಿತಾಂಶ ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು. ಅಡೆಲಾಳ ಇಡೀ ತರಗತಿಗೆ ಬಲೆಯ ಹಿಂದಿನ ಸಾಲಿನಲ್ಲಿ ಟಿಕೆಟ್ ಹಿಡಿದ.

"ಬಾಗಿಲು ಆ ಕಡೆ ಇರೋದಲ್ವಾ ಅಪ್ಪ? ಬಲೆ ಹಿಂದಿಂದ ನೀನು ಕಾಣಲ್ಲ," ಎಂದಳು ಅವಳು.

"ಕಾಣ್ತೀನಿ, ಬಾ ನೀನು."

ಬುಧವಾರ ಮಧ್ಯಾಹ್ನ ಮ್ಯಾನೇಜರ್ ವಾಲೆಂತಾ ಇಬ್ಬರನ್ನೂ ಕೋಣೆಗೆ ಕರೆಸಿದರು. ಕೋಚ್ ಹ್ಲಾವಾಟಿ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದರು. ಲುಬೋರ್ ದಾರಿಯಲ್ಲೇ ಮುಖ ಸಿದ್ಧಪಡಿಸಿಕೊಂಡಿದ್ದ: ಮೊದಲು ನಂಬದ ಹಾಗೆ, ಆಮೇಲೆ ಓಲ್ದಾನ ಹೆಗಲ ಮೇಲೆ ಕೈಯಿಡುವ ಹಾಗೆ. ಹೇಳಬೇಕಾದ ಮಾತೂ ಬಾಯಿಪಾಠವಾಗಿತ್ತು.

"ಒಬ್ಬರ ಮಾದರೀಲಿ ಸಿಕ್ಕಿದೆ," ಎಂದರು ವಾಲೆಂತಾ. "ತೂಕ ಇಳಿಸೋ ಮಾತ್ರೆಯಂತೆ." ಕಾಗದ ಮಡಚಿ ಮೇಜಿನ ಮೇಲಿಟ್ಟರು. "ಲುಬೋರ್, ಆಟ ಆಡದೇ ಇರೋನಿಗೆ ಇದೆಲ್ಲ ಯಾಕೆ ಬೇಕಿತ್ತಪ್ಪಾ?"

ಸಿದ್ಧಪಡಿಸಿದ ಮುಖ ಹಾಗೆಯೇ ನಿಂತುಹೋಯಿತು. ನಂಬದವನಂತೆ ನಟಿಸಬೇಕಾದ ಪ್ರಮೇಯವೇ ಬರಲಿಲ್ಲ. ಮಾದರಿಗಳು ಅದಲುಬದಲಾಗಿವೆ ಎನ್ನಲು ಬಾಯಿ ತೆರೆದ; ಹಾಗೆಂದರೆ ಯಾವುದು ಯಾರದೆಂದು ತನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆಂದು ಹೊಳೆದು ಮುಚ್ಚಿದ. ಕಿಟಕಿಯ ಬಳಿಯಿದ್ದ ಕೋಚ್ ಈಗ ತಿರುಗಿ ಅವನನ್ನೇ ನೋಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಷ್ಟು ಹೊತ್ತು ನೋಡಿದ್ದು.

"ನಾನೇನೂ ತಗೊಂಡಿಲ್ಲ," ಎಂದ. ಅದು ನಿಜವೆಂದೇ ಅವನು ನಂಬಿದ್ದ.

"ಅವನು ತಗೊಂಡಿಲ್ಲ ಸಾರ್, ನಂಗೊತ್ತು," ಎಂದು ಓಲ್ದಾ ಎದ್ದು ನಿಂತ. ಅವನ ಕಣ್ಣಲ್ಲಿ ನೀರಿತ್ತು. "ತಪ್ಪು ನಂದು. ಯಾರೋ ನಂಗೆ ಅಂತ ಹಾಕಿದ್ದು ಇವನ ಹೊಟ್ಟೆಗೆ ಹೋಗಿದೆ. ಪೊಲೀಸರನ್ನ ಕರೀರಿ, ಲುಬೋರ್ ಹೇಳ್ಲಿ. ಬಾಟ್ಲಿ ತುಂಬ್ಸೋನು ಅವನೇ, ಅವನು ಬಿಟ್ರೆ ಆ ತೊಟ್ಟಿ ಹತ್ರ ಯಾರು ಸುಳಿದ್ರು ಅಂತ ಅವನಿಗೇ ಗೊತ್ತಿರುತ್ತೆ." ವಾಲೆಂತಾ ನಿಧಾನವಾಗಿ ಲುಬೋರ್‌ನತ್ತ ತಿರುಗಿದರು, ಕೋಚ್ ಬಾಗಿಲಿಗೆ ಅಡ್ಡವಾಗಿ ಬಂದು ನಿಂತರು. ಓಲ್ದಾ ಮಾತ್ರ ಗೆಳೆಯನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಬೈಬೇಡ ಕಣೋ. ಓಸ್ತ್ರವಾದಲ್ಲಿ ಸೋತ್ವಲ್ಲ, ಅಲ್ಲಿಂದೀಚೆಗೆ ಪ್ರತಿ ಪಂದ್ಯಕ್ಕೂ ಮುಂಚೆ ಆ ಮೂಲೇಲಿ ಕೂತು ನಮ್ಮಿಬ್ಬರ ಮುಚ್ಚಳ ಅದಲುಬದಲು ಮಾಡಿ ನಿನ್ನ ಬಾಟ್ಲಿ ನಾನು ತಗೊಂಡು ಹೋಗ್ತಿದ್ದೆ. ಕೇಳಿ ತಗೊಂಡ್ರೆ ಅದೃಷ್ಟ ಬರಲ್ಲ, ಅದಕ್ಕೇ ಹೇಳ್ಲಿಲ್ಲ. ಇನ್ಯಾರದ್ದು ತಗೊಳ್ಳಲಿ ಹೇಳು, ಈ ವರ್ಷ ಒಂದು ಪಂದ್ಯಾನೂ ಸೋಲದೇ ಇರೋ ಗೋಲ್‌ಕೀಪರ್ ಅಂದ್ರೆ ನೀನೊಬ್ಬನೇ ತಾನೆ."