ಊರಿಗಾಂ ಮನೆಯ ಮಾನಿಟರ್

ನಾನು ಕಲ್ಪನ, ರಾಬರ್ಟ್‌ಸನ್‌ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಹೋದ ಬೇಸಿಗೆಯಲ್ಲಿ ಊರಿಗಾಂನ ಕನಕಮ್ಮನವರ ಮನೆಗೆ, ಆನ್ ಆಗದ ಮಾನಿಟರ್ ನೋಡಲು ಹೋಗಿದ್ದೆ. ಕೇಬಲ್ ಬದಲಿಸಿದೆ, ಬೇರೆ ಪ್ಲಗ್ಗಿಗೆ ಹಾಕಿದೆ. ಲೈಟೇ ಬರಲಿಲ್ಲ. ಒಳಗೆ ಕರೆಂಟಿನ ಸದ್ದಿದೆಯೇ ಎಂದು ಹಿಂಬದಿಗೆ ಕಿವಿಯಿಟ್ಟೆ. ನಡುಮಧ್ಯಾಹ್ನದ ಆ ಸೆಕೆಯಲ್ಲೂ ಅದು ಮಡಕೆ ನೀರಿನಂತೆ ತಣ್ಣಗಿತ್ತು. ಮಾನಿಟರಿನೊಳಗೆ ಯಾರೋ ಕೆಮ್ಮಿದರು.

“ಒಸಿ ಇರಿ, ನೀರು ತತ್ತೀನಿ,” ಎಂದರು ಅಡುಗೆಮನೆಯಿಂದ ಕನಕಮ್ಮ.

“ಯಾರಿಗಮ್ಮ?”

“ನಮ್ ಯಜಮಾನ್ರಿಗೆ. ತೀರ್ಕೊಂಡು ಎರಡು ವರ್ಸ ಆಯ್ತು, ಕೆಮ್ಮು ಮಾತ್ರ ನಿಂತಿಲ್ಲ.”

ಅಲ್ಲಿ ನಿಲ್ಲಲಾಗದೆ ಮಾನಿಟರನ್ನು ಅಂಗಡಿಗೆ ಎತ್ತಿಕೊಂಡು ಬಂದೆ. ಮೊದಲ ಸಲಕ್ಕೇ ಆನ್ ಆಯಿತು. ಫೋನ್ ಮಾಡಿ ತಿಳಿಸಿದರೆ ಅವರು ಅತ್ತರು.

“ಎಂಗಾದ್ರೂ ಕೆಡಿಸಿ ತಂದ್ಬಿಡಮ್ಮ. ಮನೆ ಬಿಕೋ ಅಂತೈತೆ.”

ನಾನು ಏನನ್ನೂ ಕೆಡಿಸದೆ ಒಯ್ದು ಕೊಟ್ಟೆ. ಅವರ ಮೇಜಿನ ಮೇಲೆ ಅದು ಇವತ್ತಿಗೂ ಆನ್ ಆಗಿಲ್ಲ.