ತಂಪಮ್ಮನ ಮಾತು, ಕತ್ತರಿಯ ಬಾಯಲ್ಲಿ

"ಇವರಿಬ್ಬರನ್ನ ಎದುರುಬದುರು ಕೂರಿಸ್ಬೇಡಿ ಅಂದಿದ್ನಲ್ರೀ..." ಎಂದು ದೂರದರ್ಶಕ ಕೇಂದ್ರದ ಮುಖ್ಯಸ್ಥರು ಪಕ್ಕದವರ ಕಿವಿಯಲ್ಲಿ ಅಂದದ್ದು ಇಡೀ ಕೋಣೆಗೇ ಕೇಳಿಸಿತು.

ಅವಳಿಗೂ ಕೇಳಿಸಿತು. ಎದುರಿಗೆ ಕೂತಿದ್ದ ಅವನಿಗೂ.

ಎಷ್ಟು ವರ್ಷಗಳಾಗಿ ಹೋದವು! ತಲೆ ನರೆತಿದೆ, ಕನ್ನಡಕ ದಪ್ಪವಾಗಿದೆ. ಪೆನ್ನಿನ ಮುಚ್ಚಳ ಕಚ್ಚುವ ಚಟ ಮಾತ್ರ ಹಾಗೇ ಇದೆಯಲ್ಲ... ಎಂದುಕೊಂಡಳು. ಅಂದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಆಗ ಇಬ್ಬರೂ ಇದೇ ಕಟ್ಟಡದಲ್ಲಿ ಮೊದಲ ರೇಡಿಯೊ ದೂರದರ್ಶಕದ ವಿನ್ಯಾಸ ಮಾಡುತ್ತಿದ್ದರು. ಆಕಾಶದ ಪಿಸುಮಾತು ಹಿಡಿಯುವ ರಿಸೀವರ್ ಅವಳದು. ರಿಸೀವರಿನದೇ ಬಿಸಿ ಎಬ್ಬಿಸುವ ಗದ್ದಲದಲ್ಲಿ ಆ ಪಿಸುಮಾತು ಮುಳುಗಬಾರದು, ತಣ್ಣಗಿಡುವ ಯಂತ್ರ ಬೇಕೇ ಬೇಕು ಎಂದು ಹಟ ಹಿಡಿದಿದ್ದಳು. ಖರ್ಚಿನ ಲೆಕ್ಕ ಅವನದು. ಅವಳಿಗೆ ಅವನು ‘ಕತ್ತರಿ’, ಅವನಿಗೆ ಅವಳು ‘ತಂಪಮ್ಮ’. ಎರಡೂ ಮನೆಗಳಲ್ಲಿ ಇಬ್ಬರ ಮದುವೆ ನಿಶ್ಚಯವಾಗಿತ್ತು.

ಕೊನೆಯ ಸಭೆಯಲ್ಲಿ, ಎಲ್ಲರೆದುರು, ಅವನು ತಂಪು ಯಂತ್ರವನ್ನೇ ತೆಗೆದುಹಾಕಿಸಿದ. ಅದೇ ದುಡ್ಡಿಗೆ ಆಕಾಶಕ್ಕೆ ಮುಖಮಾಡುವ ಇನ್ನಷ್ಟು ಡಿಶ್‌ಗಳು ಬರುತ್ತವೆ ಎಂದ. ಅವಳಿಗೆ ಮೊದಲೇ ಒಂದು ಸೊಲ್ಲೂ ಹೇಳಿರಲಿಲ್ಲ.

ನನ್ನ ಕೆಲಸವೇ ದಂಡ ಎಂದಮೇಲೆ, ನಾನು...? 

ಅವಳು ದೂರದ ಇನ್ನೊಂದು ಕೇಂದ್ರಕ್ಕೆ ಹೊರಟುಹೋದಳು.

ಈಗ ಹೊಸ ದೂರದರ್ಶಕಕ್ಕೆ ಸಲಹೆ ಕೊಡಲು ಬಂದಿದ್ದಾಳೆ. ಸಂಜೆಗೆ ವಾಪಸು.

ಮುಖ್ಯಸ್ಥರು ಅಳುಕುತ್ತಲೇ ಅವಳ ಅಭಿಪ್ರಾಯ ಕೇಳಿದರು. ತಂಪು ಯಂತ್ರ ಬೇಡ, ಆ ದುಡ್ಡಿಗೆ ಡಿಶ್ ಹೆಚ್ಚಿಸಿ ಎಂದಳು. ಅವನು ಥಟ್ಟನೆ ಎದ್ದ. ಡಿಶ್ ಕಡಿಮೆಯಾದರೂ ಚಿಂತೆಯಿಲ್ಲ, ತಂಪು ಯಂತ್ರ ಇರಲೇಬೇಕು, ಗದ್ದಲ ಅರ್ಧಕ್ಕಿಳಿದರೆ ಒಂದು ಡಿಶ್ ಎರಡರ ಕೆಲಸ ಮಾಡುತ್ತದೆ ಎಂದ.

ಮುಖ್ಯಸ್ಥರು ಇಬ್ಬರನ್ನೂ ಒಮ್ಮೆ ನೋಡಿ, ಚಹಾದ ನೆಪ ಹೇಳಿ ಉಳಿದವರನ್ನು ಎಬ್ಬಿಸಿಕೊಂಡು ಹೋದರು.

"ಅದು ನನ್ನ ಮಾತು," ಎಂದಳು ಅವಳು.

"ನೀನು ಹೇಳಿದ್ದು ನನ್ನದು."

ಅವಳಿಗೆ ನಗು ಬಂತು... ಕಣ್ಣೂ ತುಂಬಿತು. ದೂರದ ಆ ಕೇಂದ್ರದಲ್ಲಿ ತಂಪು ಯಂತ್ರದ ಪಂಪು ಕೆಟ್ಟಾಗಲೆಲ್ಲ ಏಣಿ ಹತ್ತಿ ಹತ್ತಿ ಮಂಡಿ ಸವೆದದ್ದನ್ನು ಹೇಳಿದಳು. ಮೇಲೆ ನಿಂತಾಗಲೆಲ್ಲ ಅವನೇ ಸರಿ ಎನಿಸುತ್ತಿತ್ತಂತೆ. ಇಲ್ಲಿ ಅವನಿಗೋ, ಗದ್ದಲದಲ್ಲಿ ಮುಳುಗಿದ ಸಂಕೇತಗಳನ್ನು ಕಂಡಾಗಲೆಲ್ಲ ಅವಳದೇ ನೆನಪಂತೆ.

"ಅವತ್ತು ನೀನು ಖರ್ಚು ಕತ್ತರಿಸದಿದ್ರೆ ಇಡೀ ಯೋಜನೆನೇ ನಿಂತುಹೋಗ್ತಿತ್ತು ಅಂತ ಆಮೇಲೆ ಗೊತ್ತಾಯ್ತು. ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ? ನಾನೇ ಬಿಟ್ಟುಕೊಡ್ತಿದ್ದೆ."

"ಅದೇ ಭಯ ಕಣೇ. ನೀನಾಗೇ ಬಿಟ್ಟುಕೊಟ್ಟು, ಏನೂ ಆಗದವಳ ಹಾಗೆ ನಗ್ತಾ ಓಡಾಡೋದನ್ನ ನೋಡೋ ಧೈರ್ಯ ಇರ್ಲಿಲ್ಲ. ನಿನ್ನ ಕೈಲಿ ಬೈಸ್ಕೊಳ್ಳೋದೇ ಸುಲಭ ಅನ್ನಿಸ್ತು."

"ಸುಲಭ ಆಯ್ತಾ?"

ಅವನು ಇಲ್ಲವೆಂದು ತಲೆಯಲ್ಲಾಡಿಸಿದ. "ಹೋಗ್ಬೇಡ... ಇನ್ನು ಏನೇ ತೆಗೆದ್ರೂ, ಇಟ್ರೂ, ನಿನ್ನ ಕೇಳಿಯೇ."

ಅವಳು ಅವನ ಕೈಯಲ್ಲಿದ್ದ ಪೆನ್ನನ್ನು ತೆಗೆದುಕೊಂಡು ಮುಚ್ಚಳ ಹಾಕಿದಳು.

"ಸರಿ, ತಂಪು ಯಂತ್ರ ಇರ್ಲಿ. ಆದ್ರೆ ಪಂಪು ಕೆಟ್ರೆ ಏಣಿ ಹತ್ತೋದು ನೀನು."

"ಹತ್ತೀನಿ. ಕೆಳಗೆ ನೀನು ಹಿಡ್ಕೊಂಡಿರ್ಬೇಕು."

"ಹಿಡ್ಕೋತೀನಿ."

ಹೊರಗೆ ಗಾಳಿ ಜೋರಾಯಿತು. ಅದರ ಹೊಡೆತ ತಪ್ಪಿಸಿಕೊಳ್ಳಲು ಬಯಲಿನ ಡಿಶ್‌ಗಳು ಒಂದೊಂದಾಗಿ ಮುಖ ಮೇಲೆತ್ತಿ ನಿಂತವು.