ಹಳದಿ ದೀಪ, ಕಡುನೀಲಿ ಕಣ್ಣು

"ರಾಣಿಗೆ ಮೇಕಪ್ ಮಾಡಿದ್ದು ಯಾರ್ರೀ? ಎರಡೂ ಕಣ್ಣಿಗೆ ಯಾರೋ ಗುದ್ದಿದ ಹಾಗಿದೆ!"

ನಾಟಕದ ತಾಲೀಮು ನಡೆಯುತ್ತಿದ್ದ ಸಭಾಂಗಣದ ಹಿಂಬದಿಯಿಂದ ಲೈಟಿನವನು ಕೂಗಿದ. ಎಲ್ಲರೂ ಗೊಳ್ಳೆಂದು ನಕ್ಕರು.

ರಂಗದ ಪಕ್ಕದಲ್ಲಿ ಬ್ರಷ್ ಹಿಡಿದು ನಿಂತಿದ್ದವಳ ಕಿವಿ ಬಿಸಿಯಾಯಿತು.

'ಗುದ್ದಿದ ಹಾಗಾ?! ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದು ಮಾಡಿದ್ದೇನೆ!'

ರೆಪ್ಪೆಯ ಅಂಚಿಗೆ ಕಪ್ಪು, ಅದರ ಮೇಲೆ ಕಡುನೀಲಿ ಐಶ್ಯಾಡೋ. ಎಲ್ಲಿ ಮುಗಿಯಿತೆಂದು ತಿಳಿಯದಂತೆ ಹೊಗೆಯ ಹಾಗೆ ಮೇಲಕ್ಕೆ ತೀಡಿದ್ದಳು.

"ನಾನೇ ಮಾಡಿದ್ದು!" ಎಂದಳು ಗಟ್ಟಿಯಾಗಿ. "ಅದು ನೀಲಿ. ನಿಮಗೆ ಕಾಣದಿದ್ರೆ ನಾನೇನು ಮಾಡ್ಲಿ?"

"ನೀಲೀನಾ? ಇಲ್ಲಿಗೆ ಬರೀ ಮಸಿ ಕಾಣ್ತಿದೆ ತಾಯಿ!"

ಮತ್ತೆ ನಗು. ನಾಟಕ ಆಡಿಸುತ್ತಿದ್ದ ಮಾಸ್ತರು ಕನ್ನಡಕ ತೆಗೆದರು.

"ನೋಡಮ್ಮ, ನಿನ್ನ ಕೈಗೆ ಇದು ಮೊದಲ ನಾಟಕ. ನಾಲ್ಕು ಗಂಟೆಗೆ ಮತ್ತೆ ನೋಡ್ತೀನಿ. ಆಗಲೂ ಹೀಗೇ ಇದ್ರೆ ಹಳೇ ಮೇಕಪ್‌ನವರನ್ನೇ ಕರೆಸ್ತೀನಿ."

ಬಣ್ಣದ ಕೋಣೆಯಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದ ಅಕ್ಕ ಸಮಾಧಾನ ಹೇಳಿದಳು. "ಕಂದು ಹಚ್ಚಿಬಿಡೇ. ಯಾಕೆ ತಲೆನೋವು?"

"ಇಲ್ಲ ಅಕ್ಕಾ. ಗಂಡ ಸತ್ತ ಸುದ್ದಿ ಬಂದ್ರೂ ರಾಣಿ ಎಲ್ಲರೆದುರು ಅಳಲ್ಲ. ಆ ಅಳು ಈ ನೀಲೀಲಿ ಇರ್ಬೇಕು. ಕಂದು ಹಚ್ಚಿದ್ರೆ ನಿದ್ದೆಗೆಟ್ಟ ಹಾಗೆ ಕಾಣ್ತೀಯ, ಅಷ್ಟೇ!"

ಕನ್ನಡಿಯ ಬಿಳಿ ಬಲ್ಬುಗಳ ಕೆಳಗೆ ಅಕ್ಕನ ರೆಪ್ಪೆ ನೀಲಿಯಾಗಿ ಮಿನುಗಿತು. ಅಲ್ಲಿ ಮಸಿ, ಇಲ್ಲಿ ನೀಲಿ... ಬದಲಾದದ್ದು ಬಣ್ಣವಲ್ಲ!

ದೀಪ. ರಂಗದ ಮೇಲೆ ಅವನು ಬಿಡುವ ಆ ಹಳದಿ ದೀಪದಲ್ಲಿ ನೀಲಿಯೇ ಇಲ್ಲ. ಇಲ್ಲದ ನೀಲಿಯನ್ನು ರೆಪ್ಪೆ ಎಲ್ಲಿಂದ ತೋರಿಸಬೇಕು?

'ಆ ಲೈಟಿನವನಿಗೆ ಇದು ಗೊತ್ತಿರಲೇಬೇಕು. ಬೇಕಂತಲೇ ನಗಿಸಿದ್ದಾನೆ!'

ಎಲ್ಲರೂ ಊಟಕ್ಕೆ ಹೋದಾಗ ಅವಳು ತನ್ನ ಕಣ್ಣಿಗೇ ಅದೇ ಬಣ್ಣ ಹಚ್ಚಿಕೊಂಡು ಹೋಗಿ ರಂಗದ ಸಿಂಹಾಸನದಲ್ಲಿ ಕುಳಿತಳು. ಅವನೊಬ್ಬನೇ ವೈರು ಸುತ್ತುತ್ತಿದ್ದ.

"ನಿಮ್ಮ ದೀಪ ಹಾಕಿ. ಹೇಗೆ ಕಾಣ್ತಿದೆ?"

"ಬೆಳಿಗ್ಗೆ ಇದ್ದ ಹಾಗೇ..."

"ಈಗ ದೀಪದ ಮುಂದಿರೋ ಆ ಹಳದಿ ಹಾಳೆ ತೆಗೀರಿ."

ಅವನು ಏಣಿ ಹತ್ತಿ ಹಾಳೆ ಎಳೆದ. ಬಿಳಿ ಬೆಳಕು ಅವಳ ಮುಖಕ್ಕೆ ಬಿತ್ತು. ಅವನು ಏಣಿಯ ಮೇಲೆಯೇ ನಿಂತುಬಿಟ್ಟ.

"ಈಗ ಕಾಣ್ತಾ ನೀಲಿ? ಬೇಕಂತಲೇ ಮಾಡಿದ್ರಿ ತಾನೇ?"

"ದೇವರಾಣೆಗೂ ಇಲ್ಲ! ಒಂಬತ್ತು ವರ್ಷದಿಂದ ಅರಮನೆ ಅಂದ್ರೆ ಹಳದಿ ಹಾಕ್ತಿದ್ದೀನಿ. ಯಾಕೆ ಅಂತ ಯಾರೂ ಕೇಳಿರಲಿಲ್ಲ..." ಅವನು ಕೆಳಗಿಳಿದ. "ಮಾಸ್ತರಿಗೆ ನಾನೇ ಹೇಳ್ತೀನಿ."

"ನನ್ನ ಪರ ವಕಾಲತ್ತು ಬೇಡ. ದೀಪ ಸರಿ ಮಾಡಿ, ಸಾಕು."

ನಾಲ್ಕು ಗಂಟೆ. ಬಿಳಿ ಬೆಳಕಿನಲ್ಲಿ ರಾಣಿ ತಲೆಯೆತ್ತಿದಳು. ಕಣ್ಣಿಂದ ಒಂದು ಹನಿಯೂ ಬೀಳಲಿಲ್ಲ... ಆದರೂ ಮುಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು!

"ಬಣ್ಣ ಬದಲಾಯಿಸಿದೆಯೇನಮ್ಮ?" ಮಾಸ್ತರ ದನಿ ಮೆತ್ತಗಾಗಿತ್ತು.

"ಒಂದು ಚೂರೂ ಇಲ್ಲ ಮಾಸ್ತರೇ."

"ತಪ್ಪು ನನ್ನದು!" ಹಿಂದಿನಿಂದ ದನಿ ಬಂತು. "ಎಲ್ಲರೆದುರು ನಗಿಸಿದ್ದೆ, ಎಲ್ಲರೆದುರೇ ಒಪ್ಕೋತೀನಿ. ಕೆಟ್ಟದ್ದು ನನ್ನ ದೀಪ, ಅವರ ಕೈಯಲ್ಲ."

"ಹಳಬರಿಗೆ ಹೇಳಿಕಳಿಸೋ ಕೆಲಸ ತಪ್ಪಿತು," ಎಂದರು ಮಾಸ್ತರು. "ಇನ್ನು ಬಣ್ಣ ನಿನ್ನದೇ ಕಣಮ್ಮ."

ಅವಳ ಎದೆ ತುಂಬಿತು.

ಸಭಾಂಗಣ ಖಾಲಿಯಾದ ಮೇಲೆ ಲೈಟಿನವನು ಹತ್ತಿರ ಬಂದ.

"ವಕಾಲತ್ತು ಬೇಡ ಅಂದಿದ್ರಿ..."

"ನೀವು ಮಾಡಿದ್ದು ವಕಾಲತ್ತಲ್ಲ, ನಿಮ್ಮ ತಪ್ಪು ಒಪ್ಕೊಂಡ್ರಿ. ಅದಕ್ಕೇ ಇಷ್ಟ ಆಯ್ತು."

"ಮಧ್ಯಾಹ್ನ ನಾನು ನೋಡಿದ್ದು ಬಣ್ಣ ಮಾತ್ರ ಅಲ್ಲ. ನೀವು ಒಂದ್ಸಲವೂ ಕಣ್ಣು ತಗ್ಗಿಸಲಿಲ್ಲ. ಬದುಕಿದ್ರೆ ಇಂಥವರ ಜೊತೆ ಬದುಕ್ಬೇಕು ಅನ್ನಿಸ್ತು..."

ಅವಳ ಎದೆ ಡವಗುಟ್ಟಿತು. ಗದ್ದ ಮಾತ್ರ ಕೆಳಗಿಳಿಯಲಿಲ್ಲ.

"ನಾಳೆ ಬಣ್ಣವಿಲ್ಲದ ಮುಖದಲ್ಲಿ ಬರ್ತೀನಿ. ಆಗಲೂ ಇದನ್ನೇ ಹೇಳಿ, ನೋಡೋಣ!"

"ಹತ್ತಕ್ಕೆ ಬನ್ನಿ. ಹಗಲು ಬೆಳಕಲ್ಲೇ ಹೇಳ್ತೀನಿ."

ಅವಳು ಬ್ರಷ್‌ಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಾಗಿಲವರೆಗೆ ನಡೆದಳು. ಅಲ್ಲಿ ನಿಂತು ತಿರುಗಿದಳು.

"ಒಂಬತ್ತಕ್ಕೇ ಬರ್ತೀನಿ."